ಡೀಸಲಿಗೆ ಪ್ರತಿಯಾಗಿ ಹಳ್ಳಿಗೆ ಯಾವ ಶಕ್ತಿ?



ಶೀತದೇಶಗಳಲ್ಲಿ ಮನೆಯನ್ನು ಬೆಚ್ಚಗಿಡುವದಕ್ಕೆ ಎಣ್ಣೆಯನ್ನು ಸುಡುವದುಂಟು. ನಮ್ಮ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಆ ವೆಚ್ಚವಿಲ್ಲ. ಬಚ್ಚಲ ಹಂಡೆಯ ಕೆಳಗೆ ಕಟ್ಟಿಗೆ ಉರಿದರೆ ಸಾಕು. ಆದರೆ ಆ ಕಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ತರುವವರು ಹೆಚ್ಚಾಗಿ ನಮ್ಮ ಹೆಣ್ಣುಮಕ್ಕಳೇ. ಇನ್ನು ಕರೆಂಟು ಇಲ್ಲದ ಹೊಲಕ್ಕೆ ನೀರೆತ್ತಬೇಕಾದರೂ, ಮಳೆಗಾಲದಲ್ಲಿ ತಂತಿ ಹರಿದಾಗ ದೀಪ ಉರಿಸಬೇಕಾದರೂ ಡೀಸಲ್ ಎಂಜಿನನ್ನೇ ಆಶ್ರಯಿಸತಕ್ಕದ್ದಾಗಿದೆ. ಆ ಡೀಸಲಿನ ಮೂಲವಾದ ಕಚ್ಚಾ ಎಣ್ಣೆಯ ಬಹುಭಾಗವು ಪರದೇಶಗಳಿಂದ ಬರುವದು. ಅದರ ಕ್ರಯವು ನಮ್ಮ ಕೈಯಲ್ಲಿಲ್ಲ.

ನಮ್ಮ ಜಿಲ್ಲೆಗೆ ಶಕ್ತಿಯ ಬಡತನವೆಂದು ಯಾರೂ ಹೇಳಲಾರರು. ಕಾಳೀ ನದಿಗೆ ಸೂಪಾದಲ್ಲಿ ಕಟ್ಟಿದ ಅಣೆಕಟ್ಟಿನ ಬುಡದಲ್ಲಿ 100 ಮೆಗಾವಾಟು, ಕೊಡಸಳ್ಳಿಯಲ್ಲಿ 120, ಕದ್ರಾದಲ್ಲಿ 150 ಮೆಗಾವಾಟು ಉತ್ಪನ್ನ ಮಾಡುವ ಯಂತ್ರಗಳಿವೆ; ನಾಗಝರಿಯದು ಇವೆಲ್ಲಕ್ಕಿಂತಲೂ ದೊಡ್ಡದು. ಈ ಬೆಳಕಿಗಾಗಿ ಸೂಪಾ ಊರೇ ನೀರಿನಲ್ಲಿ ಮುಳುಗಿತು. ಅಲ್ಲಿಯ ಅನೇಕರು ರಾಮನಗರಕ್ಕೆ ಬಂದು ನೆಲೆಸಿದರು. ಆ ಮನೆತನಗಳ ಮಕ್ಕಳಿಗೂ ನಾವು ಪಾಠ ಹೇಳಿದ್ದೇವೆ. ಆದಾಗ್ಯೂ ಕಾಡಿನೊಳಗಿನ ಕೇರಿಗಳಲ್ಲಿ ಪರೀಕ್ಷೆಯ ಕಾಲಕ್ಕೆ ಚಿಮಣಿ ಬುಡ್ಡಿಯ ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಓದಿದ ಬಾಲಿಕೆಯರನ್ನು ನಾವು ಬಲ್ಲೆವು. ದೊಡ್ಡ ಅಣೆಕಟ್ಟಿನ ತಂತಿಯು ಮನೆಯ ಮೇಲಿನಿಂದ ಹಾದುಹೋದ ಮಾತ್ರಕ್ಕೆ ಮನೆಯೊಳಗೆ ದೀಪ ಹತ್ತುವದಿಲ್ಲ.

ಆದುದರಿಂದ ಸಣ್ಣ ಶಕ್ತಿಗಳ ವಿಚಾರವನ್ನು ಮಾಡಬೇಕು. ಜೋಯಿಡಾದ ಕಡೆ ಜೂನ್ ತಿಂಗಳಿಂದ ಸಪ್ಟೆಂಬರದ ವರೆಗೆ ಸೂರ್ಯನ ಮುಖ ಕಾಣುವದೇ ಅಪರೂಪ; ಆ ಕಾಲದಲ್ಲಿ ಬರೇ ಸೌರಫಲಕವನ್ನು ನೆಚ್ಚಿದವನು ಕತ್ತಲಲ್ಲಿ ಕೂಡ್ರುವನು. ಆದರೆ ಅದೇ ಕಾಲಕ್ಕೆ ಹಿತ್ತಲ ಹಳ್ಳವು ತುಂಬಿ ಹರಿಯುವದು. ಸೆಕೆಂಡಿಗೆ 20 ಲೀಟರು ನೀರು ಕೊಳವೆಯೊಳಗಿಂದ 10 ಮೀಟರು ಕೆಳಗಿಳಿದು ಒಂದು ಸಣ್ಣ ಚಕ್ರವನ್ನು ತಿರುಗಿಸಿದರೆ, ಅರ್ಧದಷ್ಟು ಶಕ್ತಿ ಸೋರಿಹೋದರೂ, ಸುಮಾರು ಒಂದು ಕಿಲೋವಾಟು ಸಿಗುವದು. ನಾಲ್ಕಾರು ಮನೆಗಳ ದೀಪಕ್ಕೆ ಅದು ಧಾರಾಳ. ಬೇಸಗೆಯಲ್ಲಿ ಹಳ್ಳ ಬತ್ತಿದಾಗ ಬಿಸಿಲು ಬೇಕಾದಷ್ಟಿರುವದು. ಒಂದರ ಕೊರತೆಯನ್ನು ಮತ್ತೊಂದು ತುಂಬುವದು. ಇವೆರಡನ್ನೂ ಕೂಡಿಸದೆ ಒಂದನ್ನೇ ಮಾರಿಹೋಗುವ ವರ್ತಕರ ಮಾತಿಗೆ ಮರುಳಾಗಬಾರದು.

ಹಳಿಯಾಳ, ಮುಂಡಗೋಡಗಳ ಮೂಡಣ ಬಯಲಿನ ಸ್ಥಿತಿ ಬೇರೆ. ಅಲ್ಲಿ ಕೇಂದ್ರ ಸರಕಾರದವರು 2019ರಲ್ಲಿ ಆರಂಭಿಸಿದ ಕುಸುಮ್ ಯೋಜನೆಯಂಥ ಸಹಾಯದಿಂದ ಸೌರ ಪಂಪು ಕೂಡ್ರಿಸುವದು ಯುಕ್ತವಾದೀತು. ಅದಕ್ಕೆ ಬ್ಯಾಟರಿಯೂ ಬೇಡ. ಹಗಲಿನಲ್ಲಿ ತೊಟ್ಟಿಗೆ ನೀರು ತುಂಬಿದರಾಯಿತು. ಡೀಸಲಿನ ಖರ್ಚು ತಪ್ಪಿತೆಂದು ಬೋರ್‌ವೆಲ್ಲನ್ನು ಹಗಲೆಲ್ಲಾ ಹಿಂಡಿದರೆ ಮಾತ್ರ ಇನ್ನೊಂದು ಕಷ್ಟ ಬಂದೀತು.

ಹಟ್ಟಿಯಲ್ಲಿ ದನವಿದ್ದ ಮನೆಗೆ ಗೋಬರ್ ಗ್ಯಾಸು ಒಳ್ಳೆಯದು. ಆದರೆ 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸೆಗಣಿ ಬೇಕು. ಕಾಡಿನಲ್ಲಿ ಮೇಯುವ ನಮ್ಮ ಮಲೆನಾಡ ಗಿಡ್ಡ ಹಸುಗಳಿಂದ ಅಷ್ಟನ್ನು ಕೂಡಿಸುವದು ಸುಲಭವಲ್ಲ. ತುಮಕೂರು ಜಿಲ್ಲೆಯ ಪುರ ಎಂಬ ಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ವಿಭಾಗದವರು ಮೊದಲು ಅಡಿಗೆಗಾಗಿಯೇ ಊರೊಟ್ಟಿನ ಗ್ಯಾಸು ಸ್ಥಾವರವನ್ನು ಕಟ್ಟಿದರು. ಸೆಗಣಿ ಸಾಲದೆ ಅದು ಕೈಗೂಡಲಿಲ್ಲ. ತರುವಾಯ, 1987ರಿಂದ, ಅದೇ ಗ್ಯಾಸನ್ನು ಸ್ವಲ್ಪ ಡೀಸಲಿನೊಂದಿಗೆ ಎಂಜಿನಿಗೆ ಕೊಟ್ಟು ಕರೆಂಟು ಮಾಡಿ, ಕುಡಿಯುವ ನೀರನ್ನೂ ದೀಪವನ್ನೂ ಮನೆಗಳಿಗೆ ಮುಟ್ಟಿಸಿದರು. ಸೆಗಣಿ ತಂದುಕೊಟ್ಟವರಿಗೆ ಹಣ ಸಂದಿತು, ರೊಜ್ಜು ಗೊಬ್ಬರವಾಗಿ ತಿರುಗಿ ಸಿಕ್ಕಿತು. ಮೊದಲಿನ ಸೋಲನ್ನು ಮುಚ್ಚಿಡದೆ ಕೆಲಸವನ್ನೇ ಬದಲಿಸಿದ ಅವರ ರೀತಿಯು ನಮಗೆ ಬಹಳ ಮೆಚ್ಚಿಕೆಯಾಯಿತು. ಎಣ್ಣೆಕಾಳುಗಳ ಮಾತೂ ಹೊಸದಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸಲ್ ಎಂಜಿನು ಶೇಂಗಾ ಎಣ್ಣೆಯಿಂದಲೇ ನಡೆದು ತೋರಿಸಿತ್ತು. ನಮ್ಮ ಹೊಂಗೆ ಎಣ್ಣೆಯಿಂದಲೂ ಎಂಜಿನು ನಡೆಯುವದು. ಆದರೆ ಬೀಜವನ್ನು ಆರಿಸುವ ಕೂಲಿಯ ಲೆಕ್ಕವನ್ನು ಮೊದಲು ಮಾಡಬೇಕು.

ಈಗ ನಮ್ಮ ತಪ್ಪನ್ನೂ ಹೇಳಿಕೊಳ್ಳುವೆವು. ನಮ್ಮ ಬೋರ್ಡಿಂಗಿಗೆ ಸೌರದೀಪಗಳು ಬಂದ ದಿವಸ ನಾವು ಡೀಸಲ್ ಎಂಜಿನಿನ ಗದ್ದಲ ತಪ್ಪಿತೆಂದು ಸಂತೋಷಪಟ್ಟೆವು. ಬ್ಯಾಟರಿಗೆ ಬಟ್ಟಿ ಇಳಿಸಿದ ನೀರನ್ನು ಆಗಾಗ ಹಾಕಬೇಕೆಂಬದನ್ನು ಯಾರೂ ಮನಸ್ಸಿಗೆ ತಂದುಕೊಳ್ಳಲಿಲ್ಲ. ಎರಡನೆಯ ಮಳೆಗಾಲದಲ್ಲಿ, ವಾರ್ಷಿಕ ಪರೀಕ್ಷೆಗೆ ಬಹಳ ಮೊದಲೇ, ದೀಪಗಳು ಒಂದೊಂದಾಗಿ ಮಂಕಾದವು. ರಿಪೇರಿಯವನು ಹುಬ್ಬಳ್ಳಿಯಿಂದ ಬರಬೇಕು. ಬರಲು ಮೂರು ವಾರ. ಅಷ್ಟರಲ್ಲಿ ಹಳೆಯ ಎಂಜಿನಿಗೆ ತಿರುಗಿ ಡೀಸಲು ಹೊಯ್ದೆವು. ನೀರು ಹಾಕುವ ಕೆಲಸವನ್ನು ಒಬ್ಬ ಹುಡುಗಿಗೆ ಕಲಿಸಿದ್ದರೆ ಆ ಖರ್ಚು ಬರುತ್ತಿರಲಿಲ್ಲ.

ಇದರಿಂದ ನಮ್ಮ ಅಭಿಪ್ರಾಯವು ಸ್ಥಿರವಾಯಿತು: ಹಳ್ಳಿಗೆ ಯಾವ ಯಂತ್ರ ಬಂದರೂ ಅದನ್ನು ಬಿಚ್ಚಿ ಜೋಡಿಸಬಲ್ಲವರು ಅದೇ ಹಳ್ಳಿಯಲ್ಲಿರಬೇಕು. ಗಂಡುಮಕ್ಕಳು ಕೆಲಸ ಹುಡುಕಿಕೊಂಡು ಗೋವೆಗೂ ಬೆಳಗಾವಿಗೂ ಹೋಗುವರು; ಊರಿನಲ್ಲಿ ನಿಲ್ಲುವವರು ಹೆಚ್ಚಾಗಿ ಹೆಂಗಸರು. ಒಲೆ, ನೀರು, ದೀಪ ಅವರವೇ. ಹೀಗಿರುತ್ತ ತಂತಿಯ ಕೆಲಸವು ಹುಡುಗಿಯರದಲ್ಲವೆಂದು ಹೇಳುವದು ಯಾವ ನ್ಯಾಯ? ಕಳೆದ ವರುಷ ಹತ್ತನೆಯ ತರಗತಿ ಮುಗಿಸಿದ ಜೋಯಿಡಾದ ಒಬ್ಬ ಜಾಣೆಯು ಐ.ಟಿ.ಐ.ಯಲ್ಲಿ ಎಲೆಕ್ಟ್ರಿಶಿಯನ್ ವಿದ್ಯೆ ಕಲಿಯಬೇಕೆಂದಳು. ಅವಳ ತಂದೆಯವರು ನಮ್ಮ ಕೋಣೆಗೆ ಬಂದು, “ಬಾಯಿಯವರೇ, ಕಂಬ ಹತ್ತುವವಳನ್ನು ಯಾರು ಮದುವೆಯಾದಾರು?” ಎಂದು ಕೇಳಿದರು. ಅವಳು ಹತ್ತಬೇಕಾದದ್ದು ಕಂಬವನ್ನಲ್ಲ, ತನ್ನ ಮನೆಯ ಮಾಡನ್ನು ಎಂದು ನಾವು ಉತ್ತರ ಕೊಟ್ಟೆವು. ಅವರು ಒಪ್ಪಲಿಲ್ಲ, ಹುಡುಗಿ ಈಗ ಮನೆಯಲ್ಲಿದ್ದಾಳೆ.

ಈ ವರುಷ ಒಂಬತ್ತನೆಯ ತರಗತಿಯವರಿಗೆ ಶನಿವಾರ ಮಧ್ಯಾಹ್ನ ಬ್ಯಾಟರಿ, ಫಲಕ, ದೀಪಗಳ ಪಾಠವನ್ನು ಇಟ್ಟಿದ್ದೇವೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರ ಹಿತ್ತಲಲ್ಲಾದರೂ ನೀರಚಕ್ರವೋ ಗೋಬರ್ ಗ್ಯಾಸೋ ನಡೆಯುತ್ತಿದ್ದರೆ ಒಂದು ದಿವಸ ಬಂದು ಅದರ ಸುಖದುಃಖಗಳನ್ನು ಮಕ್ಕಳಿಗೆ ತಿಳಿಸಬೇಕೆಂದು ಬೇಡುತ್ತೇವೆ. ಆ ತಂದೆಯವರನ್ನೂ ನಾವು ಮೊದಲನೆಯ ಶನಿವಾರಕ್ಕೆ ಕರೆದಿದ್ದೇವೆ.