ಮಂಪರಿಗಿಂತ ಮಹಜರು ಮೇಲು

ರಾಜ್ಯದಲ್ಲಿ ಎಲ್ಲೇ ದೊಡ್ಡದೊಂದು ಕೊಲೆ ನಡೆಯಲಿ, ಎರಡು-ಮೂರು ದಿನ ಕಳೆಯುವಷ್ಟರಲ್ಲಿ ಈ ಬೇಡಿಕೆ ಬಂದೇ ಬರುತ್ತದೆ: ‘ಅವನಿಗೆ ಮಂಪರು ಪರೀಕ್ಷೆ ಮಾಡಿಸಿ, ಎಲ್ಲಾ ಹೊರಗೆ ಬರುತ್ತೆ.’ ತಹಸೀಲ್ದಾರರಿಗೆ ಕೊಡುವ ಮನವಿಪತ್ರದಲ್ಲೂ ಅದೇ, ರಾತ್ರಿಯ ಚಾನೆಲ್ ಚರ್ಚೆಯಲ್ಲೂ ಅದೇ. ಕೆಲವೊಮ್ಮೆ ಆರೋಪ ಹೊತ್ತವರೇ ‘ನಾನು ರೆಡಿ, ನೀವು ರೆಡಿಯಾ?’ ಎಂದು ಎದುರಾಳಿಗೆ ಸವಾಲು ಹಾಕುತ್ತಾರೆ. ಹಿಂದೆ ದೇವಸ್ಥಾನದ ಮುಂದೆ ಆಣೆ-ಪ್ರಮಾಣಕ್ಕೆ ಕರೆಯುತ್ತಿದ್ದ ಜಾಗದಲ್ಲಿ ಈಗ ಸೂಜಿಮದ್ದು ಬಂದು ಕೂತಿದೆ.

ಈ ಭಕ್ತಿ ಕೊಬ್ಬಿ ಬೆಳೆದದ್ದು ನಮ್ಮ ಬೆಂಗಳೂರಿನಲ್ಲೇ. 2000ದ ದಶಕದಲ್ಲಿ ದೂರದ ರಾಜ್ಯಗಳ ಪೊಲೀಸರೂ ಆರೋಪಿಗಳನ್ನು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕರೆತರುತ್ತಿದ್ದರು. ಛಾಪಾ ಕಾಗದ ಹಗರಣದ ತೆಲಗಿ ಅರೆನಿದ್ದೆಯಲ್ಲಿ ತೊದಲಿದ್ದು ಟಿವಿಯಲ್ಲೇ ಬಂತು. ನೋಡಿದವರಿಗೆ ರೋಮಾಂಚನ; ನ್ಯಾಯಾಲಯದಲ್ಲಿ ಆ ತೊದಲಿಗೆ ಸಾಕ್ಷ್ಯದ ಬೆಲೆ ಇಲ್ಲ.

ಮದ್ದು ಸೋಡಿಯಂ ಪೆಂಟೋಥಾಲ್, ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುತ್ತಿದ್ದ ಅರಿವಳಿಕೆ. ಅದನ್ನು ಅಳತೆ ನೋಡಿಕೊಂಡು ನಿಧಾನವಾಗಿ ರಕ್ತನಾಳಕ್ಕೆ ಬಿಟ್ಟರೆ ಮನುಷ್ಯ ಪೂರ್ತಿ ನಿದ್ದೆಗೂ ಜಾರುವುದಿಲ್ಲ, ಪೂರ್ತಿ ಎಚ್ಚರವಾಗಿಯೂ ಇರುವುದಿಲ್ಲ. ನಾಲಗೆ ಸಡಿಲಾಗುತ್ತದೆ, ನಿಜ. ಆದರೆ ಕಂಡದ್ದು, ಕೇಳಿದ್ದು, ಅಂದುಕೊಂಡದ್ದು, ಕೊನೆಗೆ ಪ್ರಶ್ನೆ ಕೇಳಿದವರೇ ಪ್ರಶ್ನೆಯೊಳಗೆ ಇಟ್ಟುಕೊಟ್ಟ ಸುಳಿವು ಕೂಡ ಕಲಸಿಕೊಂಡು ಹೊರಬರುತ್ತದೆ. ಯಾವುದು ಕಾಳು, ಯಾವುದು ಜೊಳ್ಳು ಎಂದು ಹೇಳಬಲ್ಲ ಯಂತ್ರ ಆ ಕೋಣೆಯಲ್ಲಿ ಇಲ್ಲ.

ಈ ನಂಬಿಕೆಯ ಮೂಲವಂತೂ ಪೊಲೀಸ್ ಠಾಣೆಯಲ್ಲ, ಹೆರಿಗೆ ಮನೆ. 1916ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ರಾಬರ್ಟ್ ಹೌಸ್ ಎಂಬ ವೈದ್ಯ ಸ್ಕೊಪೊಲಮಿನ್ ಎಂಬ ಮದ್ದು ಕೊಟ್ಟು ಹೆರಿಗೆ ಮಾಡಿಸಿದ. ಮಗುವನ್ನು ತೂಗಲು ತಕ್ಕಡಿ ಬೇಕಿತ್ತು, ಗಂಡನಿಗೆ ಅದು ಸಿಗಲಿಲ್ಲ. ಮಂಪರಿನಲ್ಲಿದ್ದ ಬಾಣಂತಿಯೇ ಅಡುಗೆಮನೆಯಲ್ಲಿ ಪಟದ ಹಿಂದೆ ಮೊಳೆಗೆ ನೇತುಹಾಕಿದೆ ಎಂದಳು. ಅಲ್ಲೇ ಇತ್ತು. ಹೌಸ್‌ಗೆ ಇಷ್ಟು ಸಾಕಾಯಿತು. 1922ರಲ್ಲಿ ಡಲ್ಲಾಸ್ ಜೈಲಿನ ಕೈದಿಗಳ ಮೇಲೆ ಪ್ರಯೋಗಕ್ಕೆ ಇಳಿದ. ತಕ್ಕಡಿಯ ವಿಚಾರದಲ್ಲಿ ಸುಳ್ಳು ಹೇಳಿ ಆ ತಾಯಿಗೆ ಆಗಬೇಕಾದದ್ದಾದರೂ ಏನಿತ್ತು ಎಂಬ ಪ್ರಶ್ನೆ ಯಾರಿಗೂ ಹೊಳೆದಂತಿಲ್ಲ.

ಈ ಆಟಕ್ಕೆ ಕಡಿವಾಣ ಹಾಕಿದ ತೀರ್ಪಿನ ಹೆಸರಿನಲ್ಲೂ ಕರ್ನಾಟಕವಿದೆ. ಕೋರಮಂಗಲ ಠಾಣೆಯ ಪ್ರಕರಣವೊಂದರಲ್ಲಿ 2004ರಲ್ಲಿ ನಮ್ಮ ಹೈಕೋರ್ಟ್ ಇಂಥ ಪರೀಕ್ಷೆಗಳಿಗೆ ಒಪ್ಪಿಗೆ ಕೊಟ್ಟಿತ್ತು. ಅದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ತೀರ್ಪು ಬಂತು. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೇನ್ ಮ್ಯಾಪಿಂಗ್ ಮಾಡುವುದು ಸಂವಿಧಾನದ 20(3) ಮತ್ತು 21ನೇ ವಿಧಿಗಳಿಗೆ ವಿರುದ್ಧ. ಒಪ್ಪಿ ಮಾಡಿಸಿಕೊಂಡರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗದು. ಅದರ ನೆರವಿನಿಂದ ಆಮೇಲೆ ಸಿಕ್ಕ ವಸ್ತು ಅಥವಾ ಮಾಹಿತಿಯನ್ನು ಮಾತ್ರ ಒಪ್ಪಿಕೊಳ್ಳಬಹುದು. ಬ್ರೇನ್ ಮ್ಯಾಪಿಂಗ್ ಬಗ್ಗೆಯಂತೂ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ 2008ರಲ್ಲೇ ಇದಕ್ಕೆ ವೈಜ್ಞಾನಿಕ ಬುಡವಿಲ್ಲ ಎಂದಿತ್ತು. ಮಡಿವಾಳದಿಂದ ನಿಮ್ಹಾನ್ಸ್ ಏನು ದೂರ! ಇಷ್ಟಾದರೂ ಬಿಹಾರದ ಒಂದು ಪ್ರಕರಣದಲ್ಲಿ ಆರೋಪಿಗಳಿಗೆಲ್ಲ ಮಂಪರು ಪರೀಕ್ಷೆ ಮಾಡುತ್ತೇವೆ ಎಂಬ ತನಿಖಾಧಿಕಾರಿಯ ಮಾತನ್ನು ಅಲ್ಲಿನ ಹೈಕೋರ್ಟ್ ಒಪ್ಪಿಕೊಂಡಿದ್ದರಿಂದ, 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಸೆಲ್ವಿ ತೀರ್ಪನ್ನು ಮತ್ತೊಮ್ಮೆ ನೆನಪಿಸಬೇಕಾಯಿತು.

ನನ್ನ ತಕರಾರು ಕಾನೂನಿನದಷ್ಟೇ ಅಲ್ಲ. ಸೂಜಿಯ ಮೇಲೆ ಕಣ್ಣಿಟ್ಟ ನಾವು ಕೇಸು ನಿಜವಾಗಿ ಬೀಳುವ ಜಾಗವನ್ನೇ ನೋಡುವುದಿಲ್ಲ. ಅದು ಬೀಳುವುದು ಮಹಜರಿನಲ್ಲಿ, ಅರಗು ಮುದ್ರೆಯಲ್ಲಿ, ಠಾಣೆಯ ಮಾಲುಖಾನೆಯಲ್ಲಿ.

2008ರ ನೊಯ್ಡಾ ಜೋಡಿ ಕೊಲೆ ನೆನಪಿರಬೇಕು. ಮನೆಯನ್ನು ಮೊದಲ ದಿನವೇ ಭದ್ರ ಮಾಡಲಿಲ್ಲ. ನೆಂಟರು, ನೆರೆಯವರು, ಪತ್ರಕರ್ತರು ಎಲ್ಲರೂ ಒಳಗೆ ಓಡಾಡಿದರು. ಬೀಗ ಹಾಕಿದ್ದ ತಾರಸಿಯ ಬಾಗಿಲನ್ನು ಅಂದು ತೆಗೆಸಲಿಲ್ಲ. ಕೊಲೆಗಾರನೆಂದು ಪೊಲೀಸರು ಹುಡುಕುತ್ತಿದ್ದವನ ಹೆಣ ಮರುದಿನ ಆ ತಾರಸಿಯಲ್ಲೇ ಸಿಕ್ಕಿತು. ಹೈದರಾಬಾದಿನ ಲ್ಯಾಬಿಗೆ ಹೋದ ಎರಡು ದಿಂಬಿನ ಕವರುಗಳ ವಿವರ ವರದಿಯಲ್ಲಿ ಅದಲುಬದಲಾಗಿದೆ, ಟೈಪಿಂಗ್ ತಪ್ಪು ಎಂಬ ವಿವರಣೆಯೂ ಬಂತು. ಯಾರ ದಿಂಬಿನ ಮೇಲೆ ಯಾರ ರಕ್ತ ಎಂಬುದೇ ಕೇಸಿನ ಜೀವಾಳವಾಗಿರುವಾಗ ಇಂಥ ತಪ್ಪು! ಈ ಪ್ರಕರಣದಲ್ಲಿ ಮಂಪರು ಪರೀಕ್ಷೆಗೇನೂ ಕೊರತೆ ಇರಲಿಲ್ಲ, ಅದಕ್ಕಾಗಿ ಬೆಂಗಳೂರಿಗೂ ಬಂದು ಹೋದರು. 2013ರಲ್ಲಿ ಶಿಕ್ಷೆಯಾದವರನ್ನು 2017ರಲ್ಲಿ ಅಲಹಾಬಾದ್ ಹೈಕೋರ್ಟ್ ಬಿಡುಗಡೆ ಮಾಡಿತು.

ಇನ್ನೊಂದು, ನೆರೆಯ ತಮಿಳುನಾಡಿನದು. ತೇನಿ ಜಿಲ್ಲೆಯ ಸುರುಳಿ ಜಲಪಾತದ ಬಳಿ 2011ರಲ್ಲಿ ನಡೆದ ಜೋಡಿ ಕೊಲೆಯಲ್ಲಿ ಮರಣದಂಡನೆಯಾಗಿದ್ದವನನ್ನು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಖುಲಾಸೆ ಮಾಡಿತು. ಡಿಎನ್‌ಎ ಮಾದರಿಗಳು ಯಾರ ಕೈಯಿಂದ ಯಾರ ಕೈಗೆ ಹೋದವು ಎಂಬ ಲೆಕ್ಕ ಸರಿಯಾಗಿರಲಿಲ್ಲ. ಅದೇ ತೀರ್ಪಿನಲ್ಲಿ ದೇಶಕ್ಕೆಲ್ಲ ನಿಯಮ ಹಾಕಿತು: ಸಂಗ್ರಹಿಸಿದ ಮಾದರಿ 48 ಗಂಟೆಯೊಳಗೆ ಲ್ಯಾಬ್ ಸೇರಬೇಕು, ತಡವಾದರೆ ಕಾರಣ ಬರೆಯಬೇಕು, ವಿಚಾರಣಾ ನ್ಯಾಯಾಲಯದ ಅನುಮತಿಯಿಲ್ಲದೆ ಪೊಟ್ಟಣ ಒಡೆಯಬಾರದು, ಕೈ ಬದಲಾದುದಕ್ಕೆಲ್ಲ ರಿಜಿಸ್ಟರ್ ಇಡಬೇಕು. ಇದು ವಿಜ್ಞಾನವೂ ಅಲ್ಲ, ಗುಮಾಸ್ತಗಿರಿ. ಆದರೆ ಒಬ್ಬನ ಕುತ್ತಿಗೆ ಉಳಿಯುವುದೂ ಹೋಗುವುದೂ ಈ ಗುಮಾಸ್ತಗಿರಿಯ ಮೇಲೆಯೇ. ರಕ್ತದ ಹಸಿ ಬಟ್ಟೆಯನ್ನು ಆರಿಸಿ ಕಾಗದದ ಕವರಿಗೆ ಹಾಕದೆ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಅದು ಬೂಸ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ಆಮೇಲೆ ಯಾವ ದೊಡ್ಡ ತಜ್ಞ ಬಂದರೂ ಮಾಡುವುದೇನು?

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇಲ್ಲಿಗೇ ಕೈ ಹಾಕಿದೆ. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕು. ಶೋಧ, ಜಪ್ತಿ ಎಲ್ಲದರ ವಿಡಿಯೊ ಆಗಬೇಕು, ಮೊಬೈಲ್‌ನಲ್ಲಾದರೂ ಸರಿ. ತಜ್ಞರ ಭೇಟಿಗೆ ರಾಜ್ಯಗಳಿಗೆ ಐದು ವರ್ಷದ ಕಾಲಾವಕಾಶವನ್ನೂ ಕೊಟ್ಟಿದೆ. ಕಾಲಾವಕಾಶ ಸಿಕ್ಕಿದಾಗ ಸರ್ಕಾರಗಳು ಏನು ಮಾಡುತ್ತವೆ ಎಂಬುದು ಗೊತ್ತಿರುವುದೇ. ಮನವಿಪತ್ರ ಬರೆಯುವವರು ಇನ್ನು ಮುಂದೆ ಮಂಪರು ಪರೀಕ್ಷೆಯ ಸಾಲು ಹೊಡೆದುಹಾಕಿ, ಜಿಲ್ಲೆಗೆ ತಜ್ಞರು ಎಷ್ಟು ಜನ, ಲ್ಯಾಬಿನಲ್ಲಿ ಬಾಕಿ ಎಷ್ಟು ಎಂದು ಕೇಳಲಿ.

ವಿಡಿಯೊ ಬಂದರೂ ಪಂಚರು ಬೇಕೇ ಬೇಕು. ಮನೆಯೊಂದರ ಶೋಧಕ್ಕೆ ಆ ಪ್ರದೇಶದ ಇಬ್ಬರು ಸ್ವತಂತ್ರ, ಗೌರವಸ್ಥ ನಿವಾಸಿಗಳು ಇರಬೇಕು ಎನ್ನುತ್ತದೆ ಕಾನೂನು. ಗೌರವಸ್ಥರೆಲ್ಲ ‘ನಮಗ್ಯಾಕಪ್ಪಾ ಕೋರ್ಟು-ಕಚೇರಿ’ ಎಂದು ಬಾಗಿಲು ಹಾಕಿಕೊಳ್ಳುವುದರಿಂದ ಠಾಣೆಯ ಎದುರಿನ ಟೀ ಅಂಗಡಿಯವನೇ ಊರಿನ ಕಾಯಂ ಪಂಚನಾಗುತ್ತಾನೆ. ಅವನು ವಿಚಾರಣೆಯ ಹೊತ್ತಿಗೆ ಬಂದು ‘ಕಾಗದದಲ್ಲಿ ಏನಿತ್ತೋ ಗೊತ್ತಿಲ್ಲ ಸ್ವಾಮಿ, ಸಹಿ ಹಾಕು ಅಂದ್ರು, ಹಾಕಿದೆ’ ಎಂದರೆ ಮುಗಿಯಿತು, ಪ್ರತಿಕೂಲ ಸಾಕ್ಷಿ. ಅಲ್ಲಿಂದ ಸಂಶಯದ ಲಾಭಕ್ಕೆ ಎಷ್ಟು ದೂರ?

ಲಿಖಿತ ಆದೇಶ ಬಂದ ಮೇಲೆ ಸಕಾರಣವಿಲ್ಲದೆ ಪಂಚನಾಗಲು ನಿರಾಕರಿಸುವುದೇ ಅಪರಾಧ ಎಂದು ತಿಳಿದವರು ಕಡಿಮೆ. ಅಂಥ ಶೋಧಕ್ಕೆ ಸಾಕ್ಷಿಯಾದವರು ನ್ಯಾಯಾಲಯ ವಿಶೇಷವಾಗಿ ಸಮನ್ಸ್ ಕಳಿಸಿದರೆ ಮಾತ್ರ ಹೋಗಬೇಕು ಎಂದು ತಿಳಿದವರು ಇನ್ನೂ ಕಡಿಮೆ. ಆದ್ದರಿಂದ ಮುಂದಿನ ಸಲ ಬೀದಿಯಲ್ಲಿ ಪಿಎಸ್‌ಐ ಪಂಚರನ್ನು ಹುಡುಕುತ್ತಿದ್ದರೆ ಹೋಗಿ. ಪೂರ್ತಿ ಓದಿ, ಖಾಲಿ ಹಾಳೆಗೆ ಸಹಿ ಬೇಡ. ಪೊಟ್ಟಣಕ್ಕೆ ನಿಮ್ಮ ಕಣ್ಣೆದುರೇ ಅರಗು ಹಾಕಲಿ, ಚೀಟಿಯ ಮೇಲೆ ನಿಮ್ಮ ಸಹಿ ಇರಲಿ, ಸಹಿಯ ಕೆಳಗೆ ಹೊತ್ತು ಬರೆಯಿರಿ. ಪಾಟೀ ಸವಾಲಿನಲ್ಲಿ ವಕೀಲರು ಮೊದಲು ಹಿಡಿಯುವುದು ಅದನ್ನೇ.