ಸಿ ಡ್ರೈವ್ ಕೆಂಪಾದ್ರೆ ಮೊದಲು ಅಳಿಸಬೇಕಾದ್ದು ನಿಮ್ಮ ವಿಡಿಯೋಗಳನ್ನಲ್ಲ

(1/5)

ಮೊದಲ ಸ್ಕ್ರೀನ್‌ಶಾಟ್ ನೋಡಿ. ನಮ್ಮ ಮನೆ ಕಂಪ್ಯೂಟರ್‌ನ ಸಿ ಡ್ರೈವ್ ಇದು. 238 ಜಿಬಿಯಲ್ಲಿ ಖಾಲಿ ಇದ್ದಿದ್ದು ಬರೀ 2 ಜಿಬಿ. ಮರುದಿನ ಪ್ರಾಜೆಕ್ಟ್ ಸಬ್ಮಿಷನ್. ವಿಡಿಯೋ ಎಕ್ಸ್‌ಪೋರ್ಟ್ ಅರ್ಧಕ್ಕೇ ನಿಂತು, ಜಾಗ ಇಲ್ಲ ಅಂತ ಎರರ್ ತೋರಿಸ್ತಿತ್ತು.

ಆಗ ನಾನು ಮಾಡಿದ್ದು ನಮ್ಮ ಕ್ಲಾಸಲ್ಲಿ ಎಲ್ಲರೂ ಮಾಡೋದೇ. ದೊಡ್ಡ ಫೋಲ್ಡರ್ ಯಾವುದು ಅಂತ ಹುಡುಕಿದೆ. "ಊರು" ಅನ್ನೋ 9 ಜಿಬಿ ಫೋಲ್ಡರ್ ಸಿಕ್ತು. ಇದರ ಕಾಪಿ ಹಾರ್ಡ್ ಡಿಸ್ಕಲ್ಲಿ ಇದ್ದೇ ಇದೆ ಅಂದ್ಕೊಂಡು ಅಳಿಸಿದೆ. ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದೆ. ಪ್ರಾಜೆಕ್ಟ್ ಸಬ್ಮಿಟ್ ಆಯ್ತು.

ಹಾರ್ಡ್ ಡಿಸ್ಕಲ್ಲಿ ಕಾಪಿ ಇರಲಿಲ್ಲ.

ಆ ಫೋಲ್ಡರ್‌ನಲ್ಲಿ ಇದ್ದಿದ್ದು ಎರಡು ಬೇಸಿಗೆ ರಜೆಯ ವಿಡಿಯೋಗಳು. ಅಜ್ಜಿ ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ಒತ್ತುತ್ತಾ, ಕ್ಯಾಮೆರಾ ಹಿಡಿದ ನನಗೇ ಬೈಯ್ಯೋದು. ಅಜ್ಜಿ ಈಗಿಲ್ಲ. ಚಿಕ್ಕಮ್ಮನ ಫೋನಲ್ಲಿ ಮೂರು ಕ್ಲಿಪ್ ಸಿಕ್ಕವು, ವಾಟ್ಸಾಪಲ್ಲಿ ಕಳಿಸಿದ್ದ ಮಸುಕು ಕಾಪಿಗಳು. ಉಳಿದದ್ದು ಹೋಯ್ತು.

(2/5)

ರಿಕವರಿ ಸಾಫ್ಟ್‌ವೇರ್ ಹಾಕಿ ನೋಡಲಿಲ್ವಾ ಅಂತ ಕೇಳ್ತೀರಿ. ನೋಡಿದೆ. ಹಳೇ ಹಾರ್ಡ್ ಡಿಸ್ಕಲ್ಲಿ ಅಳಿಸಿದ ಫೈಲ್ ಸ್ವಲ್ಪ ಕಾಲ ಅಲ್ಲೇ ಇರುತ್ತೆ, ಅದರ ಮೇಲೆ ಬೇರೆ ಏನಾದ್ರೂ ಬರೆಯೋವರೆಗೆ. ಎಸ್‌ಎಸ್‌ಡಿ ಹಾಗಲ್ಲ. ಈ ಜಾಗ ಇನ್ನು ಬೇಕಿಲ್ಲ ಅಂತ ವಿಂಡೋಸ್ ಅದಕ್ಕೆ ಟ್ರಿಮ್ ಅನ್ನೋ ಸೂಚನೆ ಕಳಿಸುತ್ತೆ, ಡ್ರೈವ್ ಅದನ್ನ ತೊಳೆದು ಹಾಕುತ್ತೆ. ಆಮೇಲೆ ವಾಪಸ್ ಸಿಗೋ ಸಾಧ್ಯತೆ ತೀರಾ ಕಡಿಮೆ.

ಎರಡೇ ದಿನದಲ್ಲಿ ಡ್ರೈವ್ ಮತ್ತೆ ಕೆಂಪು. ಆಗ ವಿಜ್‌ಟ್ರೀ ಅನ್ನೋ ಚಿಕ್ಕ ಟೂಲ್ ಹಾಕಿದೆ, ಮನೆ ಬಳಕೆಗೆ ಉಚಿತ. ಡ್ರೈವ್‌ನಲ್ಲಿರೋ ಪ್ರತಿ ಫೈಲನ್ನೂ ಅದರ ಗಾತ್ರಕ್ಕೆ ತಕ್ಕ ಚೌಕವಾಗಿ ತೋರಿಸುತ್ತೆ. ಸಿಕ್ಕಿದ್ದು ಇಷ್ಟು:

ವಿಡಿಯೋ ಎಡಿಟಿಂಗ್ ಆ್ಯಪ್‌ನ ಕ್ಯಾಶ್: 31 ಜಿಬಿ
ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್: 22 ಜಿಬಿ
ರೀಸ್ಟೋರ್ ಪಾಯಿಂಟ್‌ಗಳು: 8 ಜಿಬಿ
ಟೆಂಪ್ ಫೈಲ್‌ಗಳು: 4 ಜಿಬಿ
ಹೈಬರ್ನೇಶನ್ ಫೈಲ್: 3 ಜಿಬಿ

ಒಟ್ಟು 68 ಜಿಬಿ. ನಾನು ಅಜ್ಜಿ ವಿಡಿಯೋ ಅಳಿಸಿ ಪಡೆದಿದ್ದು 9.

ಇನ್ನೊಂದು ಕೇಳಿ. ಹಿಂದಿನ ವಾರವಷ್ಟೇ ವಿಂಡೋಸ್ 10ರಿಂದ 11ಕ್ಕೆ ಅಪ್‌ಗ್ರೇಡ್ ಮಾಡಿದ್ದೆ. ವಿಂಡೋಸ್ ಡಾಟ್ ಓಲ್ಡ್ ಅಂದ್ರೆ ಆ ಹಳೇ ವಿಂಡೋಸ್. ವಾಪಸ್ ಹೋಗೋ ಮನಸ್ಸಾದ್ರೆ ಇರಲಿ ಅಂತ ಅದನ್ನ ಇಟ್ಕೊಂಡಿರುತ್ತೆ. ಸಾಮಾನ್ಯವಾಗಿ 10 ದಿನ ಆದ್ಮೇಲೆ ವಿಂಡೋಸೇ ಅದನ್ನ ಅಳಿಸುತ್ತೆ. ನಾನು ಸುಮ್ನೆ ಕೂತಿದ್ರೂ ಮುಂದಿನ ವಾರ 22 ಜಿಬಿ ತಾನಾಗೇ ಖಾಲಿ ಆಗ್ತಿತ್ತು.

(3/5)

ಈಗ ನನ್ನ ಅಭಿಪ್ರಾಯ. ಜಾಗ ಬೇಕಾದಾಗ ನಾವು ಮೊದಲು ನಮ್ಮದನ್ನೇ ಬಲಿ ಕೊಡ್ತೀವಿ. ಯಾಕಂದ್ರೆ ಕಣ್ಣಿಗೆ ಕಾಣೋದು ನಮ್ಮದೇ. ಫೋಟೋ, ವಿಡಿಯೋ, ಹಾಡು ಎಲ್ಲಾ ಮುಂಬಾಗಿಲಲ್ಲೇ ಇರುತ್ತೆ. ಮೆಷಿನ್ ಬಿಟ್ಟುಹೋದ ಕಸ ಅಟ್ಟದ ಮೇಲೆ, ಹಿಡನ್ ಫೋಲ್ಡರ್‌ಗಳಲ್ಲಿ ಇರುತ್ತೆ. ಅಟ್ಟ ಹತ್ತಿ ನೋಡದೆ ಮನೆ ಚಿಕ್ಕದು ಅನ್ನೋದು ತಪ್ಪು.

ಬಚ್ಚಿಟ್ಟಿರೋದು ಮೋಸಕ್ಕಲ್ಲ, ಅದನ್ನೂ ಹೇಳ್ಬೇಕು. ಸಿಸ್ಟಮ್ ಫೈಲನ್ನ ಯಾರಾದ್ರೂ ಗೊತ್ತಿಲ್ಲದೆ ಅಳಿಸಿದ್ರೆ ಕಂಪ್ಯೂಟರ್ ಆನೇ ಆಗಲ್ಲ. 256 ಜಿಬಿ ಅಂತ ಕೊಂಡಿದ್ದು 238 ತೋರಿಸೋದೂ ಕಳ್ಳತನ ಅಲ್ಲ. ಕಂಪನಿ 1 ಜಿಬಿ ಅಂದ್ರೆ 100 ಕೋಟಿ ಬೈಟ್ ಅಂತ ಲೆಕ್ಕ ಹಾಕುತ್ತೆ, ವಿಂಡೋಸ್ ಸುಮಾರು 107 ಕೋಟಿ ಅಂತ. ಅಷ್ಟೇ ವ್ಯತ್ಯಾಸ.

"ಒಂದು ಕ್ಲೀನರ್ ಆ್ಯಪ್ ಹಾಕಿದ್ರೆ ಮುಗೀತಲ್ವಾ?" ಅಂತ ಒಬ್ಬ ಗೆಳೆಯ ಕೇಳಿದ. ನಾನು ಬೇಡ ಅಂತೀನಿ. 2017ರಲ್ಲಿ ಸಿಸಿಕ್ಲೀನರ್‌ನ 5.33 ಆವೃತ್ತಿಯೊಳಗೇ ಹ್ಯಾಕರ್‌ಗಳು ಮಾಲ್‌ವೇರ್ ಸೇರಿಸಿದ್ರು. 20 ಲಕ್ಷಕ್ಕೂ ಹೆಚ್ಚು ಜನ ಅದನ್ನ ಅಧಿಕೃತ ಡೌನ್‌ಲೋಡ್ ಅಂತ ನಂಬಿ ಹಾಕ್ಕೊಂಡಿದ್ರು. ಬೇಕಾದ ಪೊರಕೆ ವಿಂಡೋಸ್‌ನಲ್ಲೇ ಇರುವಾಗ ಹೊರಗಿನವರ ಕೈಗೆ ಮನೆ ಕೀ ಯಾಕೆ ಕೊಡಬೇಕು?

(4/5)

ಇದನ್ನ ಸೇವ್ ಮಾಡ್ಕೊಳ್ಳಿ. ಇದೇ ಕ್ರಮದಲ್ಲಿ ಮಾಡಿ.

ಒಂದು: ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್. ಅಲ್ಲಿ ಟೆಂಪರರಿ ಫೈಲ್ಸ್ ತೆರೆಯಿರಿ. ಹಳೇ ವಿಂಡೋಸ್ ಇದ್ರೆ ಅದೂ ಇಲ್ಲೇ ಸಿಗುತ್ತೆ. ಅದನ್ನ ಅಳಿಸಿದ್ರೆ ಹಿಂದಿನ ವಿಂಡೋಸ್‌ಗೆ ಹೋಗೋಕಾಗಲ್ಲ, ಗೊತ್ತಿರಲಿ. ಮುಖ್ಯವಾಗಿ, ಈ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಅಂತಲೂ ಇರುತ್ತೆ. ಅದು ಕಸ ಅಲ್ಲ, ನಿಮ್ಮ ಡೌನ್‌ಲೋಡ್ಸ್ ಫೋಲ್ಡರ್. ಟಿಕ್ ಮಾಡ್ಬೇಡಿ.

ಎರಡು: ರೀಲ್ಸ್ ಎಡಿಟ್ ಮಾಡೋರು ಎಡಿಟಿಂಗ್ ಆ್ಯಪ್‌ನ ಸೆಟ್ಟಿಂಗ್‌ನಲ್ಲೇ ಕ್ಲಿಯರ್ ಕ್ಯಾಶ್ ಹುಡುಕಿ. ಮೂಲ ವಿಡಿಯೋಗೆ ಏನೂ ಆಗಲ್ಲ. ಮುಂದಿನ ಸಲ ಪ್ರಾಜೆಕ್ಟ್ ತೆರೆಯೋದು ಸ್ವಲ್ಪ ನಿಧಾನ ಆಗಬಹುದು.

ಮೂರು: ಸಿಸ್ಟಮ್ ಪ್ರೊಟೆಕ್ಷನ್‌ನಲ್ಲಿ ರೀಸ್ಟೋರ್ ಪಾಯಿಂಟ್‌ಗಳಿಗೆ ಎಷ್ಟು ಜಾಗ ಅಂತ ನೀವೇ ಮಿತಿ ಹಾಕಬಹುದು. ಪೂರ್ತಿ ಆಫ್ ಮಾಡ್ಬೇಡಿ.

ನಾಲ್ಕು: ಡೆಸ್ಕ್‌ಟಾಪ್ ಆದ್ರೆ, ಹೈಬರ್ನೇಟ್ ಬಳಸೋದೇ ಇಲ್ಲ ಅಂದ್ರೆ ಮಾತ್ರ, ಅದನ್ನ ಆಫ್ ಮಾಡಿ. ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತೆ. ಲ್ಯಾಪ್‌ಟಾಪ್‌ನವರು ಹಾಗೇ ಬಿಡಿ.

ಐದು: ವಿಂಡೋಸ್ ಫೋಲ್ಡರ್ ಒಳಗೆ ಹೋಗಿ ಕೈಯಾರೆ ಏನನ್ನೂ ಅಳಿಸ್ಬೇಡಿ. ಅದರಲ್ಲೂ ವಿನ್‌ಎಸ್‌ಎಕ್ಸ್‌ಎಸ್. ಅದು ಇರೋದಕ್ಕಿಂತ ದೊಡ್ಡದಾಗಿ ಕಾಣುತ್ತೆ, ಯಾಕಂದ್ರೆ ಅಲ್ಲಿನ ಎಷ್ಟೋ ಫೈಲ್‌ಗಳು ಬೇರೆ ಕಡೆ ಇರೋ ಅದೇ ಫೈಲ್‌ಗಳು. ಲೆಕ್ಕದಲ್ಲಿ ಎರಡು ಸಲ ಬರುತ್ತೆ.

ಇಷ್ಟಾದ ಮೇಲೂ ಜಾಗ ಸಾಲದಿದ್ರೆ ನಿಮ್ಮ ಫೈಲ್‌ಗಳಿಗೆ ಬನ್ನಿ. ಆಗಲೂ ಅಳಿಸೋ ಮೊದಲು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ, ಆ ಕಾಪಿಯಿಂದ ಒಂದೆರಡು ಫೈಲ್ ತೆರೆದು ನೋಡಿ. ಕಾಪಿ ಇದೆ ಅಂದ್ಕೊಳ್ಳೋದು ಬೇರೆ, ಇರೋದನ್ನ ನೋಡೋದು ಬೇರೆ.

(5/5)

ಹೊಸ ಎಸ್‌ಎಸ್‌ಡಿ ತಗೋ, ಇಷ್ಟೆಲ್ಲಾ ಯಾಕೆ ಅನ್ನೋರೂ ಇದ್ದಾರೆ. ದುಡ್ಡಿದ್ರೆ ತಗೊಳ್ಳಿ, ತಪ್ಪಿಲ್ಲ. ಆದ್ರೆ ಆ ಕ್ಯಾಶ್ ಅಲ್ಲೂ ಬೆಳೆಯುತ್ತೆ. ದೊಡ್ಡ ಮನೆಗೆ ಹೋದ್ರೂ ಗುಡಿಸೋದು ತಪ್ಪಲ್ಲ.

ನಮ್ಮ ಮನೇಲಿ ಈಗ ತಿಂಗಳಿಗೊಮ್ಮೆ ನಾನೇ ವಿಜ್‌ಟ್ರೀ ತೆರೆದು ನೋಡ್ತೀನಿ, ಹತ್ತು ನಿಮಿಷದ ಕೆಲಸ. ಚಿಕ್ಕಮ್ಮ ಕಳಿಸಿದ ಮೂರು ಕ್ಲಿಪ್ ಈಗ ಮೂರು ಕಡೆ ಇವೆ. ಒಂದರಲ್ಲಿ ಅಜ್ಜಿ, "ಆ ಫೋನ್ ಇಟ್ಟು ಹಪ್ಪಳ ಒಣಗಿಸೋಕೆ ಬಾ" ಅಂತಾಳೆ. 40 ಸೆಕೆಂಡ್, 6 ಎಂಬಿ.

ಇವತ್ತೇ ನಿಮ್ಮ ಸಿ ಡ್ರೈವ್ ತೆರೆದು ನೋಡಿ. ಅತಿ ದೊಡ್ಡದಾಗಿ ಬಚ್ಚಿಟ್ಕೊಂಡಿದ್ದು ಏನು ಅಂತ ಕಾಮೆಂಟ್ ಮಾಡಿ. ಸೆಮಿಸ್ಟರ್ ಕೊನೆಯಲ್ಲಿ ಪರದಾಡ್ತಿರೋ ಗೆಳೆಯರಿಗೆ ಕಳಿಸಿ, ಅವರು ಏನನ್ನಾದ್ರೂ ಅಳಿಸೋ ಮೊದಲು.

#ಕನ್ನಡದಲ್ಲಿಟೆಕ್ #ಸಿಡ್ರೈವ್ #ಅಳಿಸೋಮೊದಲು