ಹೊಸ ಚಾಲಕನ ಪೂರ್ವಸಿದ್ಧತೆ

ಅಮೆರಿಕೆಯಲ್ಲಿ ‘ಆಟೋಕ್ರಾಸ್’ ಎಂಬುದೊಂದು ಮೋಟಾರು ಸ್ಪರ್ಧೆಯುಂಟು. ವಿಶಾಲವಾದ ಡಾಂಬರು ಬಯಲಿನಲ್ಲಿ ಶಂಕುಗಳನ್ನಿರಿಸಿ ಅಂಕುಡೊಂಕು ಹಾದಿಯನ್ನು ಗುರುತಿಸುವರು. ಕಾರುಗಳು ಪರಸ್ಪರ ಸೆಣಸದೆ ಗಡಿಯಾರದೊಡನೆ ಸೆಣಸುವುವು. 1944ರಲ್ಲಿ ಸ್ಥಾಪಿತವಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕದ ನಿಯಮದಂತೆ, ಶಂಕುವೊಂದನ್ನು ಕೆಡವಿದರೆ 2 ಸೆಕೆಂಡುಗಳ ದಂಡ. ಓಟವೇ ಒಂದು ನಿಮಿಷದ ಆಸುಪಾಸಿನದಾದುದರಿಂದ ಇದು ಅಲ್ಪವೇನಲ್ಲ.

ಮೊದಲ ಸ್ಪರ್ಧೆಗೆಂದೇ ಹೊಸಬರು ಬೆಲೆಯುಳ್ಳ ಟೈರುಗಳಿಗೆ ಹಣ ಸುರಿಯುವುದುಂಟು. ಅದು ವ್ಯರ್ಥವೇ ಸರಿ. ನಿತ್ಯದ ಕಾರೇ ಸಾಕು. ಬ್ರೇಕು ದೃಢವಾಗಿರಲಿ, ಬ್ಯಾಟರಿ ಅಲುಗದಿರಲಿ, ಬಿಡಿಸಾಮಾನುಗಳೆಲ್ಲ ಹೊರಗಿರಲಿ, ತಲೆಗೆ ಹೆಲ್ಮೆಟ್ಟಿರಲಿ.

ನಿಜವಾದ ಸಿದ್ಧತೆ ಕಾಲ್ನಡಿಗೆಯದು. ಓಟಕ್ಕೆ ಮುನ್ನ ಹಾದಿಯಲ್ಲಿ ನಡೆದು ನೋಡಲು ಸ್ಪರ್ಧಿಗಳಿಗೆ ಅವಕಾಶವುಂಟು. ಹರಟುತ್ತ ಒಮ್ಮೆ ಸುತ್ತಿಬಂದವನು ಶಂಕುಗಳ ನಡುವೆ ದಾರಿ ತಪ್ಪುವನು. ಪದ್ಯವನ್ನು ಮೊದಲು ಬಿಡಿಸಿಕೊಳ್ಳದೆ ವೇದಿಕೆಯೇರಿದ ಗಮಕಿಯ ಪಾಡೂ ಇದೇ ತಾನೆ! ದಾರಿ ತಪ್ಪಿದ ಓಟ ಲೆಕ್ಕಕ್ಕೆ ಬಾರದು. ಮೂರು ನಾಲ್ಕು ಬಾರಿ ಮೌನವಾಗಿ ನಡೆದು, ಆಸನದ ಮಟ್ಟಕ್ಕೆ ಬಾಗಿ ನೋಡಿದವನಿಗೆ ಮುಂದಣ ತಿರುವು ಮನಸ್ಸಿನಲ್ಲಿ ನಿಲ್ಲುವುದು.

ಇನ್ನೊಂದು ಕಟ್ಟಳೆಯುಂಟು. ತನ್ನ ಸರದಿಯಿಲ್ಲದಾಗ ಸ್ಪರ್ಧಿಯು ಬಯಲಲ್ಲಿ ನಿಂತು, ಅನ್ಯರು ಕೆಡವಿದ ಶಂಕುಗಳನ್ನು ಎತ್ತಿಡಬೇಕು. ಕೆಲವರಿಗೆ ಇದು ಬಿಟ್ಟಿ ಚಾಕರಿಯೆನಿಸೀತು. ಆದರೆ ನುರಿತವರು ಎಲ್ಲಿ ನಿಧಾನಿಸುವರು, ಎಲ್ಲಿ ಧಾವಿಸುವರು ಎಂಬುದು ಅಲ್ಲಿಂದಲೇ ಸ್ಪಷ್ಟವಾಗಿ ಕಾಣುವುದು. ಬಿಸಿಲು ಬಲವಾಗಿರುವುದರಿಂದ ಟೋಪಿ, ಕುಡಿಯುವ ನೀರು ಜೊತೆಗಿರಲಿ.